ಟೆನ್ನಿಕ್‌ನ ಎಡಗೈ ಎಸೆತಗಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೆನ್ನಿಕ್ ಊರಿನ ಅಂಚಿನ ಬೇಸ್‌ಬಾಲ್ ಮೈದಾನದಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆಗಳು ಚಿಕ್ ಚಿಕ್ ಎಂದು ಸುತ್ತುತ್ತಿವೆ. ಬೇಲಿಯಾಚೆ ಮೆಕ್ಕೆಜೋಳದ ಹೊಲ, ಅದರಾಚೆ ರೈಲು ಹಳಿ, ಹಳಿಯ ಪಕ್ಕ ಧಾನ್ಯ ತುಂಬುವ ಎತ್ತರದ ಬಿಳಿ ಗೋಪುರ. ಪ್ರೇಕ್ಷಕರ ಖಾಲಿ ಬೆಂಚುಗಳ ಮುಂದೆ ಒಬ್ಬ ಉದ್ದನೆಯ ಮನುಷ್ಯ ಪ್ಲಾಸ್ಟಿಕ್ ಬಕೆಟ್ಟಿನಿಂದ ಒಂದೊಂದೇ ಚೆಂಡು ಎತ್ತಿಕೊಂಡು ಬಲೆಗೆ ಎಸೆಯುತ್ತಿದ್ದಾನೆ. ಪ್ರತಿ ಸಲವೂ ಬಲಗಾಲು ಎದೆಯ ತನಕ ಮಡಿಸಿ ಎತ್ತುತ್ತಾನೆ. ಒಂದು ಗಳಿಗೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಲ್ಲುತ್ತಾನೆ. ಆಮೇಲೆ ಎಡಗೈ ತಲೆಯ ಮೇಲಿಂದ ಬೀಸಿ ಬರುತ್ತದೆ. ಬಲೆಗೆ ಕಟ್ಟಿದ ದಾರದ ಚೌಕಕ್ಕೆ ಚೆಂಡು ತಾಗಿ ಹುಲ್ಲಿಗೆ ಬೀಳುತ್ತದೆ. ಬಕೆಟ್ಟು ಬರಿದಾದ ಮೇಲೆ ತಾನೇ ಹೋಗಿ ಎಲ್ಲವನ್ನೂ ಆಯ್ದು ತರುತ್ತಾನೆ. ಮತ್ತೆ ಮೊದಲಿನಿಂದ.

ಹೆಸರು ಗ್ರೇಡಿ ಟೋಲ್ಸನ್. ವಯಸ್ಸು ಮೂವತ್ತೆಂಟು. ಹದಿನೆಂಟನೇ ವಯಸ್ಸಿನಿಂದ ಅವನಿಗೆ ಇದೊಂದೇ ಕಸುಬು: ಚೆಂಡು ಎಸೆಯುವುದು. ತಂಡದ ಉಳಿದ ಹುಡುಗರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿನಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿದೆ.

"ಹಳೇ ಟ್ರ್ಯಾಕ್ಟರ್ ಇದ್ದಂಗೆ ನೋಡಿ ಈ ಕೈ," ಎನ್ನುತ್ತಾ ಮೊಣಕೈ ಉಜ್ಜಿಕೊಳ್ಳುತ್ತಾನೆ. "ಬೆಳಿಗ್ಗೆ ಎದ್ದು ಹ್ಯಾಂಡಲ್ ಹೊಡೆದು ಬಿಸಿ ಮಾಡಿದ್ರೆ ಸಾಯಂಕಾಲ ಹೊರಡುತ್ತೆ. ಇಲ್ದಿದ್ರೆ ಶೆಡ್ಡಲ್ಲೇ ಕೂತ್ಬಿಡುತ್ತೆ."

ಎದುರಿಗೆ ಕ್ಯಾಚರ್ ಒಬ್ಬ ಕೂತು ಚೆಂಡು ಹಿಡಿದುಕೊಟ್ಟರೆ ಆಯ್ದು ತರುವ ಕಷ್ಟವಿಲ್ಲವಲ್ಲ ಎಂದರೆ ಭುಜ ಕುಣಿಸುತ್ತಾನೆ. "ಆ ಹುಡುಗ್ರು ಹತ್ತು ಗಂಟೆಗೆ ಏಳ್ತಾರೆ. ಪಾಪ, ಎಬ್ಬಿಸೋದ್ಯಾಕೆ? ಬಲೆ ಬೇಜಾರು ಮಾಡ್ಕೊಳ್ಳಲ್ಲ."

ಈ ಹೊತ್ತಿನಲ್ಲಿ ಅವನಿಗೆ ಮಾತಿಗೆ ಸಿಗುವವರು ಮೈದಾನ ನೋಡಿಕೊಳ್ಳುವ ಓಟಿಸ್ ಪ್ರೂಯಿಟ್ ಒಬ್ಬರೇ. ಎಪ್ಪತ್ತು ದಾಟಿದ ಮುದುಕರು. ಎಸೆತಗಾರ ನಿಂತು ಎಸೆಯುವ ಮಣ್ಣಿನ ದಿಬ್ಬವನ್ನು ದಿನಾ ಬೆಳಿಗ್ಗೆ ತೇವ ಮಾಡಿ, ತಟ್ಟಿ, ಮಗುವಿನ ತಲೆಯ ಹಾಗೆ ನುಣ್ಣಗೆ ಮಾಡುವುದು ಅವರ ಕೆಲಸ.

"ದಿಬ್ಬದ ಹತ್ರ ಬರ್ಬೇಡ ಕಣಯ್ಯ, ಈಗಷ್ಟೇ ನೀರು ಹಾಕಿದೀನಿ," ಎಂದು ಓಟಿಸ್ ದೂರದಿಂದಲೇ ಕೂಗುತ್ತಾರೆ.

"ಎಲ್ಲಿ ಬಂದೆ ಓಟಿಸ್? ಅಲ್ಲಿಗೆ ಬರ್ಬೇಕಾದ್ರೆ ಸ್ಕಿಪ್ ಕರೀಬೇಕಲ್ಲ."

ಸ್ಕಿಪ್ ಎಂದರೆ ತಂಡದ ಮ್ಯಾನೇಜರ್ ರಾಯ್ ಲಾಸ್ಕಿ.

"ಕರೀತಾನಾ ಈ ವಾರ?"

"ನೋಡೋಣ ಅಂದಿದಾನೆ."

"ಹೋದ ವಾರಾನೂ ನೋಡೋಣ ಅಂದಿದ್ದ."

"ಹೋದ ವಾರ ನೋಡ್ದ. ನೋಡ್ದ ಅಷ್ಟೇ."

ಇಬ್ಬರೂ ನಗುವುದಿಲ್ಲ. ಕೊಳವೆಗಳು ಸುತ್ತುತ್ತವೆ.

ಟೆನ್ನಿಕ್ ಪ್ಲೋಮೆನ್ ನೆಬ್ರಾಸ್ಕಾದ ಬಯಲಿನಲ್ಲಿರುವ ಸಣ್ಣ ತಂಡ. ಟೋಪಿಯ ಮೇಲೆ ನೇಗಿಲಿನ ಚಿತ್ರ. ದೊಡ್ಡ ಲೀಗಿನ ಯಾವ ತಂಡಕ್ಕೂ ಇದು ಸೇರಿದ್ದಲ್ಲ. ದೊಡ್ಡವರು ಬೇಡವೆಂದು ಬಿಟ್ಟ ಹುಡುಗರು, ಇನ್ನೊಂದು ಸಲ ಯಾರಾದರೂ ನೋಡಿಯಾರು ಎಂದು ಬಂದು ಸೇರುವ ಜಾಗ. ನೋಡುವವರು ಬರುವುದು ಅಪರೂಪ. ಬಂದವರೂ ಇಪ್ಪತ್ತೆರಡರ ಹುಡುಗರನ್ನು ನೋಡುತ್ತಾರೆಯೇ ಹೊರತು ಮೂವತ್ತೆಂಟರವನನ್ನಲ್ಲ. ಗ್ರೇಡಿಗೆ ಇದು ಹದಿಮೂರನೆಯ ತಂಡ. ಇಲ್ಲಿ ಅವನಿಗೆ 'ತಾತ' ಎಂದು ಹೆಸರು. ಬಸ್ಸಿನಲ್ಲಿ ಮುಂದಿನ ಸೀಟು ಅವನದು. ಹಿಂದಿನ ಸೀಟುಗಳಲ್ಲಿ ಇಸ್ಪೀಟು, ಹಾಡು, ಬಾಯಿಗೆ ಬಂದ ಮಾತು. ಮುಂದಿನ ಸೀಟಿನಲ್ಲಿ ಡ್ರೈವರ್ ಮತ್ತು ರಸ್ತೆ.

ಇರುವುದು ವರ್ನಾ ಲಿಂಡ್‌ಗ್ರೆನ್ ಅವರ ಮನೆಯ ನೆಲಮಾಳಿಗೆಯಲ್ಲಿ. ಆಟದ ಕಾಲದಲ್ಲಿ ಒಬ್ಬ ಆಟಗಾರನನ್ನು ಮನೆಯಲ್ಲಿಟ್ಟುಕೊಳ್ಳುವುದು ಈ ಊರಿನ ಕೆಲವು ಮನೆಗಳ ವಾಡಿಕೆ. ಗಂಡ ತೀರಿಕೊಂಡ ಮೇಲೂ ವರ್ನಾ ಅದನ್ನು ಬಿಟ್ಟಿಲ್ಲ. ಗಂಡನ ಮೀನು ಹಿಡಿಯುವ ಗಾಳದ ಕೋಲುಗಳು ಇನ್ನೂ ಆ ಕೋಣೆಯ ಗೋಡೆಗೇ ಒರಗಿವೆ.

"ಹೋದ ವರ್ಷ ಇದ್ದ ಹುಡುಗ ಮನೆ ಎಗರಿ ಹೋಗೋ ಹಂಗೆ ಹಾಡು ಹಾಕ್ತಿದ್ದ. ಇವನು ಇದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ," ಎಂದು ವರ್ನಾ ದೂರುತ್ತಾರೆ. "ತಟ್ಟೆ ತೊಳೆದಿಟ್ಟಿರ್ತಾನೆ, ಬಟ್ಟೆ ಮಡಿಸಿಟ್ಟಿರ್ತಾನೆ, ಬಾಗಿಲು ಹಾಕಿದ ಸದ್ದೂ ಕೇಳಲ್ಲ. ನಂಗೆ ಅದೇ ಹಿಂಸೆ. ಮನುಷ್ಯ ಅಂದ್ಮೇಲೆ ಸ್ವಲ್ಪ ಸದ್ದು ಮಾಡ್ಬೇಕಲ್ವಾ?"

"ಮಿಸ್ ವರ್ನಾ, ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ..."

"ತೊಂದ್ರೆ ಕೊಡಪ್ಪ ಸ್ವಲ್ಪ. ಒಬ್ಳೇ ಇದ್ದೂ ಇದ್ದೂ ಸಾಕಾಗಿದೆ. ಆ ಮಾಂಸದ ಕಡುಬು ಇನ್ನೊಂದು ಚೂರು ಹಾಕ್ಕೋ."

ಗ್ರೇಡಿ ತಲೆ ತಗ್ಗಿಸಿ ಹಾಕಿಸಿಕೊಳ್ಳುತ್ತಾನೆ. ಬೇರೆಯವರ ಮನೆಗಳಲ್ಲಿ, ಬೇರೆಯವರ ಮಂಚಗಳಲ್ಲಿ ಇಪ್ಪತ್ತು ಬೇಸಿಗೆ ಮಲಗಿದವನಿಗೆ ಸದ್ದಿಲ್ಲದೆ ಬದುಕುವುದು ಅಭ್ಯಾಸವಾಗಿದೆ. ಆದರೆ ಅದನ್ನು ಅವನು ಪೂರ್ತಿ ಕಲಿತದ್ದು ಯಾರ ಮನೆಯಲ್ಲೂ ಅಲ್ಲ.

ಗ್ರೇಡಿ ಹುಟ್ಟಿದ್ದು ಕಾನ್ಸಸ್‌ನಲ್ಲಿ. ದನದ ಮಾಂಸ ಕತ್ತರಿಸಿ ಕಟ್ಟಿ ಕಳಿಸುವ ಕಾರ್ಖಾನೆಯೊಂದರ ಸುತ್ತ ಬೆಳೆದ ಊರು ಅದು. ಅಪ್ಪ ಹೊಯ್ಟ್ ಟೋಲ್ಸನ್ ಆ ಕಾರ್ಖಾನೆಯಲ್ಲಿ ಚೂರಿ ಹಿಡಿದು ನಿಂತವರು. ಗ್ರೇಡಿಗೆ ಏಳು ವರ್ಷವಿದ್ದಾಗ ಅಲ್ಲಿ ಮುಷ್ಕರವಾಯಿತು. ಹಿಮ ಬೀಳುವ ಕಾಲ. ಅಪ್ಪ ಗೇಟಿನ ಮುಂದೆ ಪೀಪಾಯಿಯ ಬೆಂಕಿಗೆ ಕೈ ಕಾಯಿಸುತ್ತಾ ನಿಲ್ಲುತ್ತಿದ್ದರು. ಅಮ್ಮ ಕೊಟ್ಟ ಕಾಫಿಯ ಫ್ಲಾಸ್ಕು ಹಿಡಿದು ಹುಡುಗ ಅಲ್ಲಿಗೆ ಹೋಗುತ್ತಿದ್ದ. ಮನೆಯಲ್ಲಿ ಮೂರು ಹೊತ್ತೂ ಬೇಯಿಸಿದ ಹುರುಳಿಕಾಯಿ ಬೀಜ. ಹನ್ನೊಂದು ವಾರ ನಡೆದ ಆ ಮುಷ್ಕರದಲ್ಲಿ ಬಸ್ಸಿನ ಕಿಟಕಿಗೆ ಕಾಗದ ಅಂಟಿಸಿಕೊಂಡು ಒಳಗೆ ಕೆಲಸಕ್ಕೆ ಹೋದವರನ್ನು ಅಪ್ಪ ಏನೆಂದು ಕರೆಯುತ್ತಿದ್ದರು ಎಂಬುದು ಹುಡುಗನ ಕಿವಿಗೆ ಬಿದ್ದಿತ್ತು. ಹಕ್ಕಳೆ. ಗಾಯದ ಮೇಲೆ ಕೂರುವ ಹಕ್ಕಳೆ, ಕಿತ್ತು ಬಿಸಾಡಬೇಕಾದದ್ದು.

ಎಸೆಯುವುದು ಅವನಿಗೆ ಯಾರೂ ಕಲಿಸಿದ್ದಲ್ಲ. ಎಡಗೈ, ಉದ್ದ ಬೆರಳು, ಸಿಕ್ಕಿದ್ದನ್ನೆಲ್ಲ ಎಸೆಯುವ ಚಪಲ. ಹದಿನೆಂಟಕ್ಕೆ ದೊಡ್ಡ ತಂಡವೊಂದು ಸಹಿ ಹಾಕಿಸಿಕೊಂಡು ತನ್ನ ಕೆಳಗಿನ ಸಣ್ಣ ತಂಡಗಳಿಗೆ ಕಳಿಸಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು. ಗ್ರೇಡಿ ಹತ್ತಿದ, ಜಾರಿದ, ಇನ್ನೊಂದು ತಂಡಕ್ಕೆ ಮಾರಿಹೋದ, ಮತ್ತೆ ಹತ್ತಿದ. ಚಳಿಗಾಲದಲ್ಲಿ ಪಾರ್ಸೆಲ್ ಹೊತ್ತ, ಕ್ರಿಸ್‌ಮಸ್ ಮರ ಮಾರಿದ, ಶಾಲೆಯ ಬಸ್ಸು ಓಡಿಸಿದ. ಈ ನಡುವೆ ಲೋರ್ನಾ ಎಂಬ, ಕೂದಲು ಕತ್ತರಿಸುವ ಅಂಗಡಿಯ ಹುಡುಗಿಯನ್ನು ಮದುವೆಯಾದ. ಇಪ್ಪತ್ತೆಂಟು ತುಂಬುವ ಹೊತ್ತಿಗೆ ಕಟ್ಟಕಡೆಯ ಮೆಟ್ಟಿಲ ಮೇಲಿದ್ದ. ಮೇಲೆ ಬಾಗಿಲು, ಬಾಗಿಲು ಮಾತ್ರ ತೆರೆಯಲಿಲ್ಲ.

ಆ ವರ್ಷ ದೊಡ್ಡ ಲೀಗಿನ ಆಟಗಾರರು ಮುಷ್ಕರ ಹೂಡಿದರು.

ವಸಂತದ ತರಬೇತಿ ಶಿಬಿರ ಶುರುವಾಗುವ ಹೊತ್ತಿಗೂ ರಾಜಿಯಾಗಿರಲಿಲ್ಲ. ತಂಡದ ಒಡೆಯರು ಸಣ್ಣ ಲೀಗಿನ ಹುಡುಗರನ್ನು ಕರೆದು ಕೂರಿಸಿದರು. ಆಡುವವರು ಬಂದು ಅಂಗಿ ತೊಡಬಹುದು, ಆಡದವರು ಮನೆಗೆ ಹೋಗಬಹುದು ಎಂದರು. ಗ್ರೇಡಿಯ ಕೋಣೆಯಲ್ಲಿ ಜೊತೆಗಿದ್ದವನು ಜಾರ್ಜಿಯಾದ ಡಾನೆಲ್ ಮೀಕ್ಸ್. ಆರು ವರ್ಷಗಳಿಂದ ಗೆಳೆಯ. ಅವನು ಕೂಡಲೇ ಚೀಲ ತುಂಬತೊಡಗಿದ.

"ನೀನೂ ಎದ್ದೇಳು ಗ್ರೇಡಿ."

"ನಾನು ಯೋಚ್ನೆ ಮಾಡ್ತಾ ಇದೀನಿ."

"ಅದರಲ್ಲಿ ಯೋಚ್ನೆ ಏನಿದೆ? ಇನ್ನೊಬ್ಬ ಒಣಗಹಾಕಿರೋ ಅಂಗಿ ಅದು. ಅವನು ಮನೇಲಿಲ್ಲ ಅಂತ ನೀನು ಹಾಕ್ಕೊಂಡು ಓಡಾಡ್ತೀಯಾ?"

"ಇನ್ನೆರಡು ವರ್ಷ ಹೋದ್ರೆ ನಂಗೆ ಯಾವ ಅಂಗೀನೂ ಸಿಗಲ್ಲ ಡಾನೆಲ್."

ಡಾನೆಲ್ ಚೀಲದ ಜಿಪ್ಪು ಎಳೆದು ಹೆಗಲಿಗೇರಿಸಿದ. "ನಿಂಗೆ ಸಿಗ್ಲಿ ಅಂತಾನೇ ನನ್ನ ಆಸೆ. ಹೀಗಲ್ಲ," ಎಂದು ಹೊರಟುಹೋದ. ಆಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗಿಲ್ಲ.

ಗ್ರೇಡಿ ಅಪ್ಪನಿಗೆ ಫೋನು ಮಾಡಿದ. ವಿಷಯ ಹೇಳಿದ. "ನೀನು ದೊಡ್ಡೋನಾಗಿದೀಯ," ಎಂದು ಹೊಯ್ಟ್ ಫೋನು ಇಟ್ಟರು. ಗ್ರೇಡಿ ಮಾರನೆಯ ದಿನ ಅಂಗಿ ತೊಟ್ಟ.

ಒಂದೂವರೆ ತಿಂಗಳು ಅಭ್ಯಾಸದ ಆಟ ಆಡಿದ. ನಿಜವಾದ ಪಂದ್ಯಗಳು ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಮುಷ್ಕರ ಮುಗಿಯಿತು. ದೊಡ್ಡವರು ಮರಳಿ ಬಂದರು. ಇವರ ಅಂಗಿ ಬಿಚ್ಚಿಸಿ ಎಲ್ಲರನ್ನೂ ಮತ್ತೆ ಸಣ್ಣ ತಂಡಗಳಿಗೆ ಅಟ್ಟಿದರು. ಅತ್ತ ಆಟವೂ ಸಿಗಲಿಲ್ಲ, ಇತ್ತ ಹೆಸರೂ ಉಳಿಯಲಿಲ್ಲ. ಯಾರ್‍ಯಾರು ಅಂಗಿ ತೊಟ್ಟಿದ್ದರು ಎಂಬುದು ಮಾತ್ರ ಎಲ್ಲ ತಂಡಗಳಿಗೂ ಗೊತ್ತಾಗಿತ್ತು.

"ಬಲವಂತ ಮಾಡಿದ್ರು ಅಂತ ಹೇಳ್ಬಹುದು. ಹೇಳಲ್ಲ," ಎನ್ನುತ್ತಾನೆ ಗ್ರೇಡಿ. "ನಾನು ಕಾಫಿ ತಗೊಂಡು ಹೋಗ್ತಿದ್ದೋನು. ನಂಗೆ ಗೊತ್ತಿರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

ಬಾಗಿಲು ತೆರೆದದ್ದು ಎರಡು ವರ್ಷ ಕಳೆದ ಮೇಲೆ. ಆಗಸ್ಟ್ ತಿಂಗಳು. ದೊಡ್ಡ ತಂಡದ ಎಡಗೈ ಎಸೆತಗಾರನೊಬ್ಬನ ಬೆನ್ನು ಹಿಡಿದುಕೊಂಡಿತು. ಗ್ರೇಡಿಗೆ ಕರೆ ಬಂತು. ಅವನು ವಿಮಾನದಲ್ಲಿ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟಾಗ ಅಲ್ಲಿ ನಗು, ಮಾತು, ರೇಡಿಯೋ ಎಲ್ಲ ಇತ್ತು. ಅವನು ಒಳಗೆ ಬರುತ್ತಲೇ ಯಾರೋ ರೇಡಿಯೋ ಆರಿಸಿದರು. ಅವನ ಕಪಾಟಿನ ಮೇಲೆ ಹೆಸರು ಬರೆದು ಅಂಟಿಸುವ ಬಿಳಿ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅಪ್ಪ ಗೇಟಿನ ಮುಂದೆ ನಿಂತು ಹೇಳುತ್ತಿದ್ದ ಆ ಮಾತಿತ್ತು.

ಅಲ್ಲಿದ್ದದ್ದು ಮೂರು ವಾರ. ಆ ಮೂರು ವಾರದಲ್ಲಿ ಆಟಗಾರರ ಪೈಕಿ ಒಬ್ಬನೂ ಅವನೊಡನೆ ಒಂದು ಮಾತೂ ಆಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಅವನು ಊಟದ ಮೇಜಿಗೆ ಬಂದರೆ ಉಳಿದವರು ತಟ್ಟೆ ಎತ್ತಿಕೊಂಡು ಇನ್ನೊಂದಕ್ಕೆ ಹೋಗುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಸ್ನಾನಕ್ಕೆ ಹೋದರೆ ಕೊಳಾಯಿಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಗ್ರೇಡಿ ಎಲ್ಲರೂ ಹೋದ ಮೇಲೆ ಸ್ನಾನ ಮಾಡುವುದನ್ನು, ಎಲ್ಲರಿಗಿಂತ ಮೊದಲು ಉಣ್ಣುವುದನ್ನು, ಬಾಗಿಲು ಸದ್ದಾಗದಂತೆ ಮುಚ್ಚುವುದನ್ನು ಅಲ್ಲಿ ಕಲಿತ.

ಈ ಮೌನದ ಮುಂದಾಳು ಮಿಲ್ಟ್ ಕಾರ್ನಾಹನ್. ತಂಡದ ಕ್ಯಾಚರ್, ಆಟಗಾರರ ಸಂಘದಲ್ಲಿ ತಂಡದ ಪರವಾಗಿ ಕೂರುವವನು. ಗೂಳಿಯಂಥ ಕತ್ತು, ಮಿತವಾದ ಮಾತು. ಎಸೆತಗಾರನೂ ಕ್ಯಾಚರೂ ಗಂಡಹೆಂಡಿರಿದ್ದ ಹಾಗೆ ಎಂದು ಆಟದವರ ಗಾದೆ. ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯದೆ ಸಂಸಾರ ಸಾಗದು. ಆದರೆ ಕ್ಯಾಚರ್ ಕುಕ್ಕರುಗಾಲಲ್ಲಿ ಕೂತು ತೊಡೆಗಳ ನಡುವೆ ಬೆರಳಲ್ಲಿ ಸನ್ನೆ ಮಾಡುತ್ತಾನೆ: ಒಂದು ಬೆರಳೆಂದರೆ ನೇರ ಚೆಂಡು, ಎರಡೆಂದರೆ ಬಾಗುವ ಚೆಂಡು. ಎಸೆತಗಾರ ತಲೆಯಾಡಿಸಿದರೆ ಮುಗಿಯಿತು. ಮಾತು ಬೇಕಿಲ್ಲ. ಕಾರ್ನಾಹನ್ ಬೆರಳು ತೋರಿಸಿದ, ಗ್ರೇಡಿ ಅವನು ಕೇಳಿದ್ದನ್ನೇ ಎಸೆದ. ಒಂದು ಸಲವೂ ಬೇಡ ಎನ್ನಲಿಲ್ಲ. ಬೇಡ ಎಂದರೆ ಕ್ಯಾಚರ್ ದಿಬ್ಬಕ್ಕೆ ನಡೆದು ಬಂದು ಮಾತಾಡಬೇಕಾಗುತ್ತದೆ. ಅವನಿಗೆ ಆ ಕಷ್ಟ ಕೊಡಲು ಗ್ರೇಡಿಗೆ ಧೈರ್ಯ ಬರಲಿಲ್ಲ.

ಮೂರು ವಾರದ ಮೇಲೆ ಬೆನ್ನುನೋವಿನವನು ಗುಣವಾಗಿ ಬಂದ. ಗ್ರೇಡಿಯನ್ನು ಕೆಳಗೆ ಕಳಿಸಿದರು. ಮತ್ತೆ ಯಾರೂ ಕರೆಯಲಿಲ್ಲ.

ಆಮೇಲಿನದು ಇಳಿಜಾರು. ಲೋರ್ನಾ ಜಗಳವಾಡಿ ಬಿಟ್ಟುಹೋಗಲಿಲ್ಲ. "ವರ್ಷದಲ್ಲಿ ನಾಲ್ಕು ತಿಂಗ್ಳು ನನ್ನ ಜೊತೆ ಇರ್ತಿದ್ದೆ. ಈಗ ಆ ನಾಲ್ಕು ತಿಂಗ್ಳೂ ಇಲ್ಲ, ಮನೇಲಿದ್ರೂ ಇಲ್ಲ," ಎಂದಳಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುತ್ತಾನೆ ಗ್ರೇಡಿ. ಅಪ್ಪ ಹೊಯ್ಟ್ ಕೊನೆಯವರೆಗೂ ಆ ಸುದ್ದಿ ಎತ್ತಲಿಲ್ಲ. ಮಗ ಊರಿಗೆ ಹೋದಾಗ ಹವಾಮಾನ, ಲಾರಿಯ ಎಂಜಿನ್ನು, ನಾಯಿಯ ಕಾಲು ಎಂದು ಮಾತಾಡುತ್ತಿದ್ದರು. ಈಗ ಅವರಿಲ್ಲ.

ಗ್ರೇಡಿ ಆಟ ಬಿಡಬಹುದಿತ್ತು. ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಬಕೆಟ್ಟಿನಿಂದ ಚೆಂಡೊಂದನ್ನು ಎತ್ತಿಕೊಳ್ಳುತ್ತಾನೆ. "ನಂಗೆ ಗೊತ್ತಿರೋದು ಇದೊಂದೇ ಅಂತಲ್ಲ. ಪಾರ್ಸೆಲ್ ಹೊರೋಕೂ ಬರುತ್ತೆ. ಆದ್ರೆ ಆ ದಿಬ್ಬದ ಮೇಲೆ ನಿಂತಾಗ ಯಾರೂ ಮಾತಾಡ್ಸಲ್ಲ ನೋಡಿ, ಯಾರನ್ನೂ ಮಾತಾಡ್ಸಲ್ಲ. ಅಲ್ಲಿ ಒಂಟಿ ಆಗಿರೋದು ತಪ್ಪಲ್ಲ. ಕೆಲ್ಸಾನೇ ಅದು."

ಈ ಜುಲೈನಲ್ಲಿ ಪ್ಲೋಮೆನ್ ತಂಡದ ಕ್ಯಾಚರ್ ಹುಡುಗನ ಹೆಬ್ಬೆರಳು ಮುರಿಯಿತು. ಸ್ಕಿಪ್ ತನ್ನ ಹಳೆಯ ಪರಿಚಯಗಳಿಗೆಲ್ಲ ಫೋನು ಹಚ್ಚಿದ. ನಾಲ್ಕು ದಿನದ ಮೇಲೆ ಮೈದಾನದ ಮುಂದೆ ಒಂದು ಪಿಕಪ್ ಬಂದು ನಿಂತಿತು. ಇಳಿದವನು ಮಿಲ್ಟ್ ಕಾರ್ನಾಹನ್. ನಲವತ್ತೊಂದು ವರ್ಷ. ದೊಡ್ಡ ಲೀಗು ಅವನನ್ನು ಬಿಟ್ಟು ಮೂರು ವರ್ಷವಾಗಿತ್ತು. ಎರಡೂ ಮೊಣಕಾಲಿಗೆ ಪಟ್ಟಿ. ಮನೆಯಲ್ಲಿ ಕೂತು ತಲೆ ಕೆಡುತ್ತಿದೆ, ಒಂದು ಬೇಸಿಗೆ ಆಡಿ ಮುಗಿಸುತ್ತೇನೆ ಎಂದು ಸ್ಕಿಪ್‌ಗೆ ಹೇಳಿದ್ದನಂತೆ.

ಸ್ಕಿಪ್‌ಗೆ ಹಳೆಯ ಕತೆ ಗೊತ್ತಿರಲಿಲ್ಲ. ವಯಸ್ಸಾದವರಿಬ್ಬರೂ ಜೊತೆಗಿರಲಿ ಎಂದು ಅಕ್ಕಪಕ್ಕದ ಕಪಾಟು ಕೊಟ್ಟ. ಕಾರ್ನಾಹನ್ ಪಕ್ಕದ ಹೆಸರು ಓದಿದ. ಚೀಲ ಎತ್ತಿಕೊಂಡು ಮೂಲೆಯ ಕಪಾಟಿಗೆ ಹೋದ.

"ತಾತ, ಅವನಿಗೂ ನಿಂಗೂ ಏನು?" ಎಂದು ಹುಡುಗರು ಕೇಳಿದರು.

"ಹಳೇ ಪರಿಚಯ."

"ಪರಿಚಯ ಇದ್ದೋರು ಹಿಂಗಿರ್ತಾರಾ?"

"ಕೆಲವರು ಹಿಂಗೇ ಇರ್ತಾರೆ."

ಮತ್ತೆ ಬೆರಳ ಭಾಷೆ ಶುರುವಾಯಿತು. ಆರನೆಯದೋ ಏಳನೆಯದೋ ಇನ್ನಿಂಗ್ಸಿಗೆ ಸ್ಕಿಪ್ ಗ್ರೇಡಿಯನ್ನು ಕರೆದರೆ ಅವನು ದಿಬ್ಬ ಹತ್ತುತ್ತಿದ್ದ. ಕಾರ್ನಾಹನ್ ನೋವಿನಿಂದ ಮುಖ ಸಿಂಡರಿಸಿ ಕೂರುತ್ತಿದ್ದ. ಒಂದು, ಎರಡು, ಒಂದು. ಗ್ರೇಡಿ ತಲೆಯಾಡಿಸುತ್ತಿದ್ದ. ಇನ್ನಿಂಗ್ಸು ಮುಗಿದರೆ ಬೆಂಚಿನ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ. ವರ್ನಾ ಒಂದು ದಿನ ಪಂದ್ಯ ನೋಡಿ ಬಂದು, "ಆ ದಪ್ಪನೆಯ ಮನುಷ್ಯ ನಿನ್ನ ಕಡೆ ತಿರುಗೇ ನೋಡಲ್ವಲ್ಲ?" ಎಂದರು. "ಚೆಂಡು ಹಿಡೀತಾನಲ್ಲ ಮಿಸ್ ವರ್ನಾ," ಎಂದ ಗ್ರೇಡಿ.

ಆಗಸ್ಟಿನ ಎರಡನೆಯ ಭಾನುವಾರ ಮಧ್ಯಾಹ್ನದ ಆಟ. ಸುಡುವ ಬಿಸಿಲು, ಜನ ಕಡಿಮೆ. ಪ್ಲೋಮೆನ್ ಹುಡುಗರು ಒಂದು ವಾರ ಊರೂರು ಸುತ್ತಿ ಬಂದಿದ್ದರು. ಎಸೆತಗಾರರ ಕೈಗಳೆಲ್ಲ ದಣಿದಿದ್ದವು. ಆಟ ಶುರು ಮಾಡಿದ ಹುಡುಗ ಬೆರಳಿಗೆ ಬೊಕ್ಕೆ ಎದ್ದು ಮೂರನೆಯ ಇನ್ನಿಂಗ್ಸಿಗೇ ಹೊರಗೆ ಬಂದ. ಸ್ಕಿಪ್ ಬೆಂಚಿನ ಉದ್ದಕ್ಕೂ ನೋಡಿ, "ತಾತ, ಎಷ್ಟಾಗುತ್ತೋ ಅಷ್ಟು," ಎಂದ.

ಅಷ್ಟು ಎಂಬುದು ಒಂಬತ್ತನೆಯ, ಕೊನೆಯ ಇನ್ನಿಂಗ್ಸಿನವರೆಗೆ ಬಂತು. ಪ್ಲೋಮೆನ್ ಒಂದು ರನ್ನಿನಿಂದ ಮುಂದಿತ್ತು. ಎದುರಾಳಿಗಳ ಇಬ್ಬರು ಔಟು, ಆದರೆ ಮೂರೂ ಬೇಸುಗಳಲ್ಲಿ ಅವರ ಓಟಗಾರರು. ಬ್ಯಾಟು ಹಿಡಿದು ಬಂದವನು ಎಮ್ಮೆಕರುವಿನಂಥ ಹುಡುಗ. ಎರಡು ಸಲ ಬೀಸಿ ತಪ್ಪಿದ್ದ, ಇನ್ನೊಂದು ಸಲ ತಪ್ಪಿದರೆ ಆಟ ಮುಗಿಯುತ್ತದೆ. ಗ್ರೇಡಿಯ ಮೊಣಕೈಯೊಳಗೆ ಯಾರೋ ಗರಗಸ ಎಳೆಯುತ್ತಿದ್ದಂತಿತ್ತು. ಕಾರ್ನಾಹನ್ ಒಂದು ಬೆರಳು ತೋರಿಸಿದ.

ಗ್ರೇಡಿ ತಲೆ ಅಡ್ಡಡ್ಡ ಆಡಿಸಿದ.

ಕಾರ್ನಾಹನ್ ಮತ್ತೆ ಒಂದು ಬೆರಳು ತೋರಿಸಿದ. ಗ್ರೇಡಿ ಮತ್ತೆ ಬೇಡ ಎಂದ. ಆ ದೊಡ್ಡ ದೇಹ ನಿಧಾನವಾಗಿ ಎದ್ದಿತು. ಮುಖವಾಡವನ್ನು ಹಣೆಗೆ ಏರಿಸಿಕೊಂಡು ಕಾಲೆಳೆಯುತ್ತಾ ದಿಬ್ಬಕ್ಕೆ ಬಂದಿತು. ಕೈಗವಸು ಬಾಯಿಗೆ ಅಡ್ಡ ಹಿಡಿದು ಕಾರ್ನಾಹನ್, "ಏನು?" ಎಂದ.

ಅವನು ಗ್ರೇಡಿಗೆ ಆಡಿದ ಮೊದಲ ಮಾತು ಅದು.

"ಅವನು ನೇರ ಚೆಂಡಿಗೇ ಕಾಯ್ತಾ ಇದಾನೆ."

"ನಿನ್ನ ಬಾಗೋ ಚೆಂಡು ಇವತ್ತು ಬಾಗ್ತಾ ಇಲ್ಲ."

"ಇನ್ನೊಂದು ಬಾಗುತ್ತೆ."

"ಒಂದಾ?"

"ಒಂದೇ."

ಕಾರ್ನಾಹನ್ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ತಿರುಗಿ ಹೋಗಿ ಕೂತ. ಎರಡು ಬೆರಳು.

ಚೆಂಡು ಹುಡುಗನ ಸೊಂಟದ ಎತ್ತರಕ್ಕೆ ಬಂದಂತೆ ಕಂಡು, ಕೊನೆಗಳಿಗೆಯಲ್ಲಿ ಬಾವಿಗೆ ಬಿದ್ದಂತೆ ಕೆಳಗೆ ಬಿತ್ತು. ಬ್ಯಾಟು ಗಾಳಿ ಹೊಡೆಯಿತು. ಆದರೆ ಚೆಂಡು ನೆಲಕ್ಕೇ ಬಡಿದು ಪುಟಿಯಿತು; ನೆಲ ಮುಟ್ಟಿದ ಚೆಂಡನ್ನು ಕ್ಯಾಚರ್ ವಶಪಡಿಸಿಕೊಳ್ಳುವವರೆಗೆ ಔಟು ಪೂರ್ತಿಯಾಗದು, ಹಿಂದೆ ಹೋದರೆ ಓಟಗಾರರೆಲ್ಲ ಓಡಿ ರನ್ನು ಗಳಿಸುವವರೇ. ಕಾರ್ನಾಹನ್ ಪಟ್ಟಿ ಕಟ್ಟಿದ ಎರಡೂ ಮೊಣಕಾಲುಗಳನ್ನು ನೆಲಕ್ಕೆ ಕುಕ್ಕಿ, ಮೈಯನ್ನೇ ಗೋಡೆ ಮಾಡಿ ಚೆಂಡಿನ ಮೇಲೆ ಬಿದ್ದ. ಎದೆಯಡಿಯಿಂದ ಚೆಂಡು ತೆಗೆದು, ಓಟಗಾರ ಬಂದು ಮುಟ್ಟಬೇಕಾದ ಬಿಳಿ ಪ್ಲೇಟಿಗೆ ಮುಟ್ಟಿಸಿದ. ಮೂರನೆಯ ಔಟು. ಆಟ ಮುಗಿಯಿತು.

ಗೆದ್ದಾಗ ಕ್ಯಾಚರ್ ದಿಬ್ಬಕ್ಕೆ ಬಂದು ಎಸೆತಗಾರನ ಕೈ ಕುಲುಕುವುದು ವಾಡಿಕೆ. ಕಾರ್ನಾಹನ್ ಏಳಲು ಬಹಳ ಹೊತ್ತು ಹಿಡಿಯಿತು. ಅರ್ಧ ದಾರಿ ಬಂದ. ಗ್ರೇಡಿ ಉಳಿದರ್ಧ ನಡೆದ. ಕಾರ್ನಾಹನ್ ಕೈ ಚಾಚಲಿಲ್ಲ. ಚೆಂಡನ್ನು ಗ್ರೇಡಿಯ ಗವಸಿನೊಳಗೆ ಇಟ್ಟ. "ಒಂದೇ ಅಂದೆ. ಒಂದೇ ಇತ್ತು," ಎಂದು ಕುಂಟುತ್ತಾ ಹೋದ.

ಎಲ್ಲರೂ ಬಟ್ಟೆ ಬದಲಿಸಿ ಹೋದ ಮೇಲೆ ಗ್ರೇಡಿ ಎಂದಿನಂತೆ ಕೊನೆಗೆ ಸ್ನಾನ ಮುಗಿಸಿ ಬಂದ. ಕಾರ್ನಾಹನ್ ಮೊಣಕಾಲಿನ ಮೇಲೆ ಮಂಜುಗಡ್ಡೆ ಇಟ್ಟುಕೊಂಡು ಬೆಂಚಿನ ಮೇಲೆ ಇನ್ನೂ ಕೂತಿದ್ದ. ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಲೋಟಕ್ಕೆ ಉಗುಳುತ್ತಿದ್ದ.

"ಅವತ್ತು ನಾನು ಮಾಡಿದ್ನಲ್ಲ," ಎಂದ, ಎದುರಿನ ಗೋಡೆ ನೋಡುತ್ತಾ. "ಇವತ್ತಾದ್ರೂ ಅದೇ ಮಾಡ್ತೀನಿ."

"ಗೊತ್ತು."

"ನಿಮ್ಮಪ್ಪ ಮಾಂಸದ ಕಾರ್ಖಾನೇಲಿದ್ರು ಅಂತ ಹುಡುಗರು ಹೇಳ್ತಿದ್ರು. ಸಂಘದೋರಾ?"

"ಹೌದು. ಹನ್ನೊಂದು ವಾರ ಗೇಟಲ್ಲಿ ನಿಂತಿದ್ರು."

"ಹಂಗಾದ್ರೆ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಕಾರ್ನಾಹನ್ ಬೀಜದ ಪೊಟ್ಟಣವನ್ನು ಬೆಂಚಿನ ಮೇಲೆ ಗ್ರೇಡಿಯ ಕಡೆಗೆ ತಳ್ಳಿದ. ಗ್ರೇಡಿ ಒಂದು ಹಿಡಿ ತೆಗೆದುಕೊಂಡು ಪಕ್ಕದಲ್ಲಿ ಕೂತ. ಕ್ಷಮಿಸಿದನೇ ಎಂದು ಕೇಳಿದರೆ ಗ್ರೇಡಿ ಒಪ್ಪುವುದಿಲ್ಲ. "ಕ್ಷಮೆ ಗಿಮೆ ಏನಿಲ್ಲ. ಬೀಜ ಕೊಟ್ಟ. ನಾನು ತಿಂದೆ."

ಆ ಭಾನುವಾರ ನೆಲಕ್ಕೆ ಕುಕ್ಕಿದ ಮೊಣಕಾಲು ಕಾರ್ನಾಹನ್‌ಗೆ ಮತ್ತೆ ಮಡಿಸಲು ಬರಲಿಲ್ಲ. ಡಾಕ್ಟರು ಇನ್ನು ಕುಕ್ಕರುಗಾಲಲ್ಲಿ ಕೂರಕೂಡದು ಎಂದರು. ವಾರದೊಳಗೆ ಅವನು ಪಿಕಪ್ ಹತ್ತಿದ. ಗ್ರೇಡಿ ಆಗ ಮೈದಾನದಲ್ಲಿ ಚೆಂಡು ಆಯುತ್ತಿದ್ದ. ಗಾಡಿ ಬೇಲಿಯ ಪಕ್ಕದ ಮಣ್ಣುದಾರಿಯಲ್ಲಿ ನಿಧಾನವಾಗಿ ಹೋಯಿತು. ನಿಲ್ಲಲಿಲ್ಲ. ಕಿಟಕಿಯಿಂದ ಒಂದು ಕೈ ಹೊರಬಂದಂತಾಯಿತು ಎಂದು ಓಟಿಸ್ ಹೇಳುತ್ತಾರೆ. ಗ್ರೇಡಿಗೆ ಅದು ಕಾಣಲಿಲ್ಲ. ಕಂಡಿತು ಎಂದು ಸುಳ್ಳು ಹೇಳಲೂ ಅವನು ತಯಾರಿಲ್ಲ.

ಇನ್ನೊಂದು ವಾರಕ್ಕೆ ಈ ವರ್ಷದ ಆಟ ಮುಗಿಯುತ್ತದೆ. ಮುಂದಿನ ವರ್ಷ ಜಾಗವಿರುತ್ತದೋ ಇಲ್ಲವೋ ಸ್ಕಿಪ್ ಹೇಳಿಲ್ಲ. ಗ್ರೇಡಿ ಕೇಳಿಯೂ ಇಲ್ಲ. ಚಳಿಗಾಲಕ್ಕೆ ಪಾರ್ಸೆಲ್ ಕೆಲಸ ಮಾತಾಗಿದೆ. ವರ್ನಾ ನೆಲಮಾಳಿಗೆಯ ಗಾಳದ ಕೋಲುಗಳನ್ನು ಒರೆಸಿಕೊಡು, ಇಲ್ಲೇ ಇದ್ದುಬಿಡು ಎಂದು ದಿನಾ ಹೇಳುತ್ತಾರೆ. ಅವನು ಹೂಂ ಎಂದೂ ಇಲ್ಲ, ಉಹೂಂ ಎಂದೂ ಇಲ್ಲ. ಬಿಸಿಲು ಏರಿದೆ. ಚೆಂಡುಗಳನ್ನು ಬಟ್ಟೆಯಿಂದ ಒರೆಸಿ ಬಕೆಟ್ಟಿಗೆ ಹಾಕುತ್ತಾನೆ. ಆ ಮೂರು ವಾರದ ಬಗ್ಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ, ಒರೆಸುವ ಕೈ ನಿಲ್ಲುತ್ತದೆ.

"ಒಂದಿದೆ. ಬರೀತೀರಾದ್ರೆ ಇದನ್ನ ಬರೀರಿ," ಎನ್ನುತ್ತಾನೆ. "ನಾನು ಎಸೀತಿದ್ದಾಗ ಒಂದು ಸಲ ಚೆಂಡನ್ನ ಜೋರಾಗಿ ಹೊಡೆದ್ರು. ನನ್ನ ಹಿಂದೆ ನಿಂತು ಚೆಂಡು ತಡೀತಿದ್ನಲ್ಲ ಶಾರ್ಟ್‌ಸ್ಟಾಪ್, ಅವನು ಬಿಟ್ಟಿದ್ರೆ ಯಾರೂ ಕೇಳ್ತಿರ್ಲಿಲ್ಲ. ಹೋಗ್ಲಿ ಬಿಡು, ಇವನ ಲೆಕ್ಕಕ್ಕೇ ಬರ್ಲಿ ಅಂತ ಸುಮ್ನಿರ್ಬಹುದಿತ್ತು. ಉಹೂಂ. ಉದ್ದಕ್ಕೆ ನೆಗೆದ. ಭುಜ ನೆಲಕ್ಕೆ ಉಜ್ಜಿ ಅಂಗಿ ಹರಿದು ರಕ್ತ ಬಂತು. ಬಿದ್ದಲ್ಲಿಂದಲೇ ಎಸೆದ, ಔಟು. ಎದ್ದ, ಮಣ್ಣು ಕೊಡವಿಕೊಂಡ, ನನ್ನ ಕಡೆ ನೋಡ್ಲಿಲ್ಲ. ಎಲ್ಲರೂ ಹಂಗೇ ಇದ್ರು ಕಣ್ರೀ. ಮೂರು ವಾರ ಒಂದು ಮಾತು ಆಡ್ಲಿಲ್ಲ, ಒಂದು ಚೆಂಡೂ ಬಿಡ್ಲಿಲ್ಲ. ನಾನು ಅಂಥೋರ ಜೊತೆ ಆಡಿದೋನು."